ತಣ್ಣೀರಿನಲ್ಲಿ ಬಟ್ಟೆಗಳ ಆರೋಗ್ಯಕರ ಶುಚೀಕರಣ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಹುತೇಕ ಮನೆಗಳಲ್ಲಿ ಬಟ್ಟೆಗಳನ್ನು ತಣ್ಣೀರಿನಲ್ಲಿ ಒಗೆಯಲಾಗುತ್ತದೆ. ಇದರಿಂದ ಇಂಧನ ಹಾಗೂ ವಿದ್ಯುತ್ ಉಳಿತಾಯವಾಗುವುದಲ್ಲದೆ ಬಟ್ಟೆಯ ಬಾಳಿಕೆಯೂ ಹೆಚ್ಚುತ್ತದೆ. ಆದರೆ ನೋಡಲು ಶುಭ್ರವಾಗಿರುವ ಬಟ್ಟೆಯೆಲ್ಲವೂ ರೋಗಾಣುಮುಕ್ತವೆಂದು ಭಾವಿಸತಕ್ಕದ್ದಲ್ಲ. 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಶಾಖದ ನೀರು ಬಹುತೇಕ ರೋಗಾಣುಗಳನ್ನು ನಾಶಪಡಿಸುತ್ತದೆ. ತಣ್ಣೀರು ಅವುಗಳನ್ನು ಕೊಲ್ಲುವುದಿಲ್ಲ. ಸಾಬೂನು ಮತ್ತು ಉಜ್ಜುವಿಕೆಯಿಂದ ಸಡಿಲಗೊಂಡ ರೋಗಾಣುಗಳನ್ನು ಕೊಳೆಯೊಂದಿಗೆ ಹೊರಹಾಕುತ್ತದೆ. ಆದುದರಿಂದ ತಣ್ಣೀರಿನಲ್ಲಿ ಒಗೆಯುವವರು ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

ದಿನಬಳಕೆಯ ಬಟ್ಟೆಗಳು

1. ಸಾಬೂನಿನ ಪುಡಿಯನ್ನು ಪೊಟ್ಟಣದ ಮೇಲೆ ನಮೂದಿಸಿರುವ ಪ್ರಮಾಣದಲ್ಲಿ ಬಳಸುವುದು.
2. ಯಂತ್ರದಲ್ಲಿ ಬಟ್ಟೆಗಳನ್ನು ಒತ್ತಿ ತುಂಬದಿರುವುದು. ನೀರು ಆಡಲು ಸ್ಥಳವಿಲ್ಲದಿದ್ದಲ್ಲಿ ಕೊಳೆ ಬಿಡುವುದಿಲ್ಲ.
3. ಶುದ್ಧ ನೀರಿನಲ್ಲಿ ಕನಿಷ್ಠ ಎರಡು ಬಾರಿ ಜಾಲಾಡಿಸುವುದು.
4. ಒಗೆದ ಕೂಡಲೇ ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸುವುದು. ತೇವವುಳಿದ ಬಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಪುನಃ ವೃದ್ಧಿಯಾಗುತ್ತವೆ.

ಮುಟ್ಟಿನ ಬಟ್ಟೆಗಳನ್ನು ಸಂಕೋಚದಿಂದ ಮೂಲೆಯಲ್ಲಿ ಅಥವಾ ಇತರ ಬಟ್ಟೆಗಳ ಅಡಿಯಲ್ಲಿ ಒಣಹಾಕುವುದು ಆರೋಗ್ಯಕ್ಕೆ ಹಾನಿಕರ. ಇವುಗಳನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ರಕ್ತದ ಕಲೆ ತೆಗೆದು, ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿಯೇ ಒಣಗಿಸತಕ್ಕದ್ದು.

ರೋಗಿಗಳ ಬಟ್ಟೆಗಳು

ವಾಂತಿ, ಭೇದಿ ಇರುವವರ ಬಟ್ಟೆ ಹಾಗೂ ಹಾಸಿಗೆ ಹೊದಿಕೆಗಳಿಗೆ ಕೇವಲ ತಣ್ಣೀರಿನ ಒಗೆತ ಸಾಲದು. ಇವುಗಳನ್ನು ಕೊಡವದೆ ಪ್ರತ್ಯೇಕವಾಗಿಟ್ಟು, ಮಲಿನವನ್ನು ಮೊದಲು ತೆಗೆದು, ಸಾಬೂನಿನಿಂದ ಒಗೆಯತಕ್ಕದ್ದು. ನಂತರ ಬಿಸಿನೀರಿನ ಸೌಲಭ್ಯವಿಲ್ಲದಿದ್ದಲ್ಲಿ, ಶೇ. 5ರ ಸಾಮರ್ಥ್ಯದ ಕ್ಲೋರಿನ್ ಬ್ಲೀಚ್ ದ್ರಾವಣವನ್ನು 10 ಲೀಟರ್ ನೀರಿಗೆ 100 ಮಿಲಿಲೀಟರ್‌ನಂತೆ ಬೆರೆಸಿ, 30 ನಿಮಿಷ ನೆನೆಸಿ, ಚೆನ್ನಾಗಿ ಜಾಲಾಡಿಸಿ ಒಣಗಿಸಬಹುದು. ಕೊಳೆಯಿರುವ ಬಟ್ಟೆಯಲ್ಲಿ ಕ್ಲೋರಿನ್‌ನ ಶಕ್ತಿ ಕುಂದುವುದರಿಂದ ಒಗೆದ ನಂತರವೇ ನೆನೆಸತಕ್ಕದ್ದು.

ಕಜ್ಜಿ ರೋಗವಿರುವವರ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲಾಗದಿದ್ದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕನಿಷ್ಠ 72 ಗಂಟೆಗಳ ಕಾಲ ಇಡತಕ್ಕದ್ದು. ಮನುಷ್ಯನ ಚರ್ಮದ ಸಂಪರ್ಕವಿಲ್ಲದೆ ಕಜ್ಜಿಯ ಹುಳುಗಳು ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ.

ಮಳೆಗಾಲದಲ್ಲಿ

ಮಲೆನಾಡು ಹಾಗೂ ಕರಾವಳಿ ಪ್ರದೇಶಗಳಲ್ಲಿ ಮಳೆಗಾಲದಲ್ಲಿ ಬಿಸಿಲು ದೊರೆಯುವುದು ದುರ್ಲಭ. ಅಂತಹ ಸಂದರ್ಭದಲ್ಲಿ ಬಟ್ಟೆಗಳನ್ನು ಚೆನ್ನಾಗಿ ಹಿಂಡಿ, ಗಾಳಿಯಾಡುವ ಸ್ಥಳದಲ್ಲಿ ಅಂತರವಿಟ್ಟು ಹರವಿ, ಹತ್ತಿಯ ಒಳಉಡುಪು, ಟವೆಲ್ ಹಾಗೂ ಶಿಶುಗಳ ಬಟ್ಟೆಗಳಿಗೆ ತೇವ ಪೂರ್ತಿ ಆರುವವರೆಗೆ ಬಿಸಿ ಇಸ್ತ್ರಿ ಹಾಕುವುದು ಉತ್ತಮ.

ಎಚ್ಚರಿಕೆಗಳು

1. ಬ್ಲೀಚ್ ದ್ರಾವಣವನ್ನು ಆಮ್ಲದೊಂದಿಗೆ ಅಥವಾ ಶೌಚಾಲಯ ಶುಚಿಗೊಳಿಸುವ ದ್ರವದೊಂದಿಗೆ ಯಾವುದೇ ಕಾರಣಕ್ಕೂ ಬೆರೆಸಬಾರದು. ವಿಷಾನಿಲ ಉತ್ಪತ್ತಿಯಾಗುತ್ತದೆ.
2. ರೇಷ್ಮೆ ಮತ್ತು ಉಣ್ಣೆ ಬಟ್ಟೆಗಳಿಗೆ ಕ್ಲೋರಿನ್ ಬ್ಲೀಚ್ ಬಳಸಬಾರದು. ಬಣ್ಣದ ಬಟ್ಟೆಗಳು ಮಾಸುವ ಸಾಧ್ಯತೆಯಿರುತ್ತದೆ.
3. ದ್ರಾವಣವನ್ನು ಮಕ್ಕಳ ಕೈಗೆ ಸಿಗದಂತೆ, ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬದೆ, ಪ್ರತ್ಯೇಕವಾಗಿ ಇಡತಕ್ಕದ್ದು.
4. ರೋಗಿಯ ಬಟ್ಟೆ ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯತಕ್ಕದ್ದು.

ಮನೆಯಲ್ಲಿ ಭೇದಿ ಅಥವಾ ಕಜ್ಜಿ ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದಲ್ಲಿ, ಬಟ್ಟೆಯ ಶುಚಿತ್ವದೊಂದಿಗೆ ಚಿಕಿತ್ಸೆಯೂ ಅಗತ್ಯ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಲು ಕೋರಲಾಗಿದೆ.