ಡಿಎನ್‌ಎಸ್ ದಾಳಿಗಳು ಮತ್ತು ಉದ್ದಿಮೆ ಜಾಲಗಳ ರಕ್ಷಣೆ

ಡೊಮೇನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್, ಅಂತರ್ಜಾಲದ ಹೆಸರುಗಳಿಗೆ ತಕ್ಕ ಐಪಿ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಕಂಪನಿಯ ಜಾಲತಾಣ, ಇಮೇಲ್, ಹಣ ಪಾವತಿ, ಮನೆಯಿಂದ ಕೆಲಸ ಮಾಡುವ ನೌಕರರ ವಿಪಿಎನ್, ಎಲ್ಲವೂ ಮೊದಲು ಇದನ್ನು ಕೇಳಿಯೇ ಮುಂದಕ್ಕೆ ಹೋಗುತ್ತವೆ. ಇದು ನಿಂತರೆ ಸರ್ವರ್‌ಗಳು ಸುಸ್ಥಿತಿಯಲ್ಲಿದ್ದರೂ ವ್ಯವಹಾರ ನಿಲ್ಲುತ್ತದೆ. ಇದು ಸುಳ್ಳು ಉತ್ತರ ಕೊಟ್ಟರೆ ಗ್ರಾಹಕ ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಟೈಪ್ ಮಾಡಿ ಕಳ್ಳರ ಕೈಗೆ ಸಿಗುತ್ತಾನೆ. ಡಿಎನ್‌ಎಸ್ ದಾಳಿಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ದೋಷ ಮೊದಲೇ ಗೊತ್ತಿತ್ತು, ಮದ್ದೂ ಇತ್ತು, ಅದನ್ನು ಬಳಸಿದವರು ಮಾತ್ರ ಕಡಿಮೆ.

1970ರ ದಶಕದಲ್ಲಿ ಅಂತರ್ಜಾಲದ ಪೂರ್ವಜ ಜಾಲವಾದ ಅರ್ಪಾನೆಟ್‌ನ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಆ ಪಟ್ಟಿಯನ್ನು ನಿಭಾಯಿಸುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರುಗಳ ಹೊಣೆಯನ್ನು ಹಲವು ಸರ್ವರ್‌ಗಳಿಗೆ ಹಂಚುವ ಡಿಎನ್‌ಎಸ್ ವಿನ್ಯಾಸವನ್ನು ಮುಂದಿಟ್ಟರು. 1987ರಲ್ಲಿ ಅದರ ಪರಿಷ್ಕೃತ ರೂಪ ಪ್ರಕಟವಾಯಿತು, ಇಂದಿಗೂ ಬಳಕೆಯಲ್ಲಿರುವುದು ಅದೇ. ಆಗಿನ ಜಾಲದಲ್ಲಿ ಇದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯ ಮತ್ತು ಪ್ರಯೋಗಾಲಯಗಳ ಜನ. ಬಂದ ಉತ್ತರವನ್ನು ನಿಜವಾಗಿ ಕೊಟ್ಟವರು ಯಾರು ಎಂದು ಪರೀಕ್ಷಿಸುವ ಏರ್ಪಾಡು ಆ ವಿನ್ಯಾಸದಲ್ಲಿ ಇರಲಿಲ್ಲ.

ಈ ಕೊರತೆಯನ್ನು ಬಳಸಿಕೊಂಡು ಕಂಪ್ಯೂಟರಿನೊಳಗೆ ನುಗ್ಗಬಹುದೆಂದು ಎಟಿ ಅಂಡ್ ಟಿ ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೊವಿನ್ 1990ರಲ್ಲೇ ಕಂಡುಕೊಂಡಿದ್ದರು. ಪರಿಹಾರ ಕೈಯಲ್ಲಿಲ್ಲದ ಕಾರಣ ಆ ಪ್ರಬಂಧವನ್ನು ಅವರು ಪ್ರಕಟಿಸಿದ್ದು 1995ರಲ್ಲಿ. ಸುಮಾರು ಎರಡು ವರ್ಷಗಳ ಬಳಿಕ, 1997ರ ಜುಲೈನಲ್ಲಿ, ಯೂಜೀನ್ ಕಾಶ್‌ಪುರೆಫ್ ಎಂಬಾತ ಹಲವು ಸರ್ವರ್‌ಗಳ ಕ್ಯಾಶ್‌ನಲ್ಲಿ, ಅಂದರೆ ಉತ್ತರಗಳ ತಾತ್ಕಾಲಿಕ ನೆನಪಿನಲ್ಲಿ, ಸುಳ್ಳು ದಾಖಲೆ ಸೇರಿಸಿದ. ಡೊಮೇನ್ ಹೆಸರುಗಳ ಅಧಿಕೃತ ನೋಂದಣಿ ತಾಣ ಇಂಟರ್‌ನಿಕ್‌ಗೆ ಹೊರಟ ಜನರು ಅವನದೇ ಆಲ್ಟರ್‌ನಿಕ್ ತಾಣಕ್ಕೆ ಬಂದು ಇಳಿದರು. ಅದೇ ವರ್ಷ, ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಡಿಎನ್‌ಎಸ್‌ಸೆಕ್ ವಿಧಾನದ ಮೊದಲ ಪ್ರಸ್ತಾವಿತ ಮಾನದಂಡವೂ ಹೊರಬಂತು. ಬಳಕೆಗೆ ಒಗ್ಗುವ ರೂಪ ಸಿಗಲು 2005 ಆಗಬೇಕಾಯಿತು.

ಈ ಚರಿತ್ರೆಯ ಅತಿ ದೊಡ್ಡ ತಿರುವು 2008. ಅಮೆರಿಕದ ಭದ್ರತಾ ಸಂಶೋಧಕ ಡ್ಯಾನ್ ಕಮಿನ್ಸ್ಕಿ ಅವರ ಶೋಧವನ್ನು ತುಸು ಹತ್ತಿರದಿಂದ ನೋಡಬೇಕು. ಕಂಪನಿಯ ರಿಸಾಲ್ವರ್, ಅಂದರೆ ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್, ಒಂದು ಹೆಸರಿನ ವಿಳಾಸ ಕೇಳುವಾಗ ಪ್ರಶ್ನೆಗೊಂದು ಗುರುತಿನ ಸಂಖ್ಯೆ ಹಾಕುತ್ತದೆ. ಅದೇ ಸಂಖ್ಯೆ ಹೊತ್ತು ಮೊದಲು ಬಂದ ಉತ್ತರವನ್ನು ನಂಬುತ್ತದೆ. ಆ ಸಂಖ್ಯೆಗೆ ಇರುವ ಸಾಧ್ಯತೆಗಳು 65,536 ಮಾತ್ರ. ಊಹೆ ತಪ್ಪಿದರೆ ನಿಜವಾದ ಉತ್ತರ ಕ್ಯಾಶ್‌ನಲ್ಲಿ ಕೂರುತ್ತದೆ, ಅದರ ಅವಧಿ ಮುಗಿಯುವವರೆಗೆ ದಾಳಿಕೋರ ಗಂಟೆಗಟ್ಟಲೆ ಕಾಯಬೇಕು ಎಂದು ಎಲ್ಲರೂ ಧೈರ್ಯವಾಗಿದ್ದರು. ಕಮಿನ್ಸ್ಕಿ ತೋರಿಸಿದ್ದು ಕಾಯಬೇಕಾಗಿಯೇ ಇಲ್ಲ ಎಂಬುದನ್ನು. ಒಂದೇ ಡೊಮೇನಿನ ಅಡಿಯಲ್ಲಿ ಇಲ್ಲದ ಹೆಸರುಗಳನ್ನು ಒಂದರ ಮೇಲೊಂದರಂತೆ ಕೇಳಿಸುತ್ತಾ ಹೋದರೆ ಪ್ರತಿ ಹೆಸರಿಗೂ ಹೊಸ ಅವಕಾಶ. ಖೋಟಾ ಉತ್ತರದ ಜೊತೆಗೆ ‘ಈ ಇಡೀ ಡೊಮೇನಿನ ಸರ್ವರ್ ಇಲ್ಲಿದೆ’ ಎಂಬ ಹೆಚ್ಚುವರಿ ದಾಖಲೆಯನ್ನೂ ತುರುಕಿದರೆ, ಒಂದು ಊಹೆ ಫಲಿಸಿದರೂ ಸಾಕು, ಇಡೀ ಡೊಮೇನ್ ದಾಳಿಕೋರನ ವಶ. ಅದಕ್ಕೆ ಬೇಕಾಗಿದ್ದುದು ಕೆಲವು ಸೆಕೆಂಡುಗಳು.

ಕಮಿನ್ಸ್ಕಿ ಇದನ್ನು ಮಾರಿಕೊಳ್ಳಲಿಲ್ಲ, ಮೊದಲಿಗೆ ಬಹಿರಂಗಗೊಳಿಸಲೂ ಇಲ್ಲ. 2008ರ ಮಾರ್ಚ್ 31ರಂದು ರೆಡ್ಮಂಡ್‌ನ ಮೈಕ್ರೋಸಾಫ್ಟ್ ಆವರಣದಲ್ಲಿ ಬೇರೆ ಬೇರೆ ಸಂಸ್ಥೆಗಳ ತಜ್ಞರು ಗುಟ್ಟಾಗಿ ಸೇರಿದರು. ಪರಸ್ಪರ ಪೈಪೋಟಿಯಲ್ಲಿದ್ದ ಕಂಪನಿಗಳು ಜುಲೈ 8ರಂದು ಒಟ್ಟಿಗೆ ಪ್ಯಾಚ್ ಬಿಡುಗಡೆ ಮಾಡಿದವು. ಅಂಥ ಒಗ್ಗಟ್ಟು ಅದಕ್ಕೆ ಮುಂಚೆ ಅಪರೂಪ. ಮದ್ದು ಸರಳವಾಗಿತ್ತು. ಪ್ರಶ್ನೆ ಹೊರಡುವ ಪೋರ್ಟ್ ಸಂಖ್ಯೆಯನ್ನೂ ಪ್ರತಿ ಸಲ ಬದಲಿಸುವುದು, ಆಗ ಊಹಿಸಬೇಕಾದ ಸಾಧ್ಯತೆಗಳು ಸಾವಿರಾರು ಪಟ್ಟು ಹೆಚ್ಚುತ್ತವೆ. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ಡಿಎನ್‌ಎಸ್ ತಂತ್ರಾಂಶದಲ್ಲಿ ಇದೇ ಉಪಾಯವನ್ನು ವರ್ಷಗಳ ಹಿಂದೆಯೇ ಅಳವಡಿಸಿದ್ದರು. ಉಳಿದವರು ಅವರ ಮಾತಿಗೆ ಅಷ್ಟು ವರ್ಷ ಕಿವಿಗೊಡದೆ ಇದ್ದುದು ಈ ಕ್ಷೇತ್ರಕ್ಕೆ ಗೌರವ ತರುವ ಸಂಗತಿಯಲ್ಲ. ಈ ಆಘಾತದ ನಂತರ ಡಿಎನ್‌ಎಸ್‌ಸೆಕ್‌ಗೂ ವೇಗ ಬಂತು. 2010ರ ಜುಲೈ 15ರಂದು ಎಲ್ಲ ಹೆಸರುಗಳ ಹುಡುಕಾಟ ಶುರುವಾಗುವ ಡಿಎನ್‌ಎಸ್‌ನ ಬೇರು ವಲಯಕ್ಕೆ ಸಹಿ ಬಿತ್ತು.

ಡಿಎನ್‌ಎಸ್ ಅನ್ನೇ ಆಯುಧವಾಗಿಸಿ ಇನ್ನೊಬ್ಬರನ್ನು ಹೊಡೆಯುವ ದಾಳಿ ಬೇರೆ ಬಗೆಯದು. ಬಲಿಯಾಗಬೇಕಾದವರ ವಿಳಾಸವನ್ನು ಕದ್ದು ಅವರ ಹೆಸರಿನಲ್ಲಿ ಚಿಕ್ಕ ಪ್ರಶ್ನೆಗಳನ್ನು ಕಳಿಸಿದರೆ, ಹತ್ತಾರು ಪಟ್ಟು ದೊಡ್ಡ ಉತ್ತರಗಳು ಅವರ ಮೇಲೆ ಬಂದು ಬೀಳುತ್ತವೆ. 2013ರ ಮಾರ್ಚ್‌ನಲ್ಲಿ ಸ್ಪ್ಯಾಮ್ ವಿರೋಧಿ ಸಂಸ್ಥೆ ಸ್ಪ್ಯಾಮ್‌ಹೌಸ್ ಮೇಲೆ ನಡೆದ ಇಂಥ ದಾಳಿ ಸೆಕೆಂಡಿಗೆ ಸುಮಾರು 300 ಗಿಗಾಬಿಟ್ ಮುಟ್ಟಿತೆಂದು ವರದಿಯಾಯಿತು. ಯಾರು ಕೇಳಿದರೂ ಉತ್ತರಿಸುವಂತೆ ತೆರೆದಿಟ್ಟ ಕಂಪನಿಗಳ ರಿಸಾಲ್ವರ್‌ಗಳೇ ಇಂಥ ದಾಳಿಗೆ ಇಂಧನ. ಸುಳ್ಳು ವಿಳಾಸ ಹೊತ್ತ ಪ್ಯಾಕೆಟ್‌ಗಳನ್ನು ಹೊರಡುವಲ್ಲೇ ತಡೆಯಬೇಕೆಂಬ ಶಿಫಾರಸು 2000ದಲ್ಲೇ ಬಂದಿತ್ತು.

2016ರ ಅಕ್ಟೋಬರ್ 21ರಂದು ಅಮೆರಿಕದ ಡಿಎನ್‌ಎಸ್ ಸೇವಾ ಕಂಪನಿ ಡೈನ್ ಮೇಲೆ ಮಿರಾಯ್ ಎಂಬ ಬಾಟ್‌ನೆಟ್, ಅಂದರೆ ದಾಳಿಕೋರರ ವಶವಾದ ಉಪಕರಣಗಳ ಜಾಲ, ಎರಗಿತು. ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ವಿಡಿಯೊ ರೆಕಾರ್ಡರುಗಳೇ ಅದರ ಸೈನ್ಯ. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಮೊದಲಾದ ತಾಣಗಳು ಗಂಟೆಗಳ ಕಾಲ ಅನೇಕರಿಗೆ ಸಿಗಲಿಲ್ಲ. ಆ ಕಂಪನಿಗಳ ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ, ಅವುಗಳ ವಿಳಾಸವನ್ನು ಹೇಳಬೇಕಾದವನು ಮೂಕನಾಗಿದ್ದ. ಇಬ್ಬರು ಬೇರೆ ಬೇರೆ ಪೂರೈಕೆದಾರರನ್ನು ಇಟ್ಟುಕೊಳ್ಳಬೇಕು ಎಂಬ ಪಾಠ ಅಂದೇ ಸ್ಪಷ್ಟವಾಯಿತು. ಆದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ನೋಡಿದಾಗ ಜನಪ್ರಿಯ ತಾಣಗಳಲ್ಲಿ ಒಬ್ಬನೇ ಪೂರೈಕೆದಾರನ ಮೇಲಿನ ಅವಲಂಬನೆ ತಗ್ಗಿರಲಿಲ್ಲ, ಹೆಚ್ಚಿತ್ತು.

ಇವೆಲ್ಲಕ್ಕಿಂತ ಅಗ್ಗದ ದಾರಿ ಡೊಮೇನ್ ಖಾತೆಯ ಪಾಸ್‌ವರ್ಡ್ ಕದಿಯುವುದು. 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ತಾಣವನ್ನು ಸಿರಿಯನ್ ಎಲೆಕ್ಟ್ರಾನಿಕ್ ಆರ್ಮಿ ಎಂಬ ಹ್ಯಾಕರ್ ಗುಂಪು ಬೇರೆಡೆಗೆ ತಿರುಗಿಸಿದ್ದು ಹೀಗೆಯೇ, ಡೊಮೇನ್ ನೋಂದಾಯಿಸುವ ರಿಜಿಸ್ಟ್ರಾರ್‌ನ ಮರುಮಾರಾಟಗಾರನೊಬ್ಬನ ಪಾಸ್‌ವರ್ಡ್ ಹಿಡಿದು. ಅದೇ ದಿನ ಟ್ವಿಟರ್‌ನ ಕೆಲವು ಹೆಸರುಗಳೂ ಕೆಟ್ಟವು, ಹೆಚ್ಚುವರಿ ಪರಿಶೀಲನೆಯಿಲ್ಲದೆ ದಾಖಲೆ ಬದಲಿಸಲು ಬಿಡದ ರಿಜಿಸ್ಟ್ರಿ ಲಾಕ್ ಹಾಕಿದ್ದ ಮುಖ್ಯ ಹೆಸರು ಮಾತ್ರ ಉಳಿದುಕೊಂಡಿತು. 2019ರ ಜನವರಿಯಲ್ಲಿ ಮಧ್ಯಪ್ರಾಚ್ಯದ ಸರ್ಕಾರಿ ಮತ್ತು ಖಾಸಗಿ ಡೊಮೇನ್‌ಗಳ ಕಳವು ಬಯಲಾದಾಗ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅಲ್ಲಿನ ಸರ್ಕಾರಿ ಇಲಾಖೆಗಳಿಗೆ ತುರ್ತು ಆದೇಶ ಕೊಟ್ಟಿತು. ಹತ್ತು ಕೆಲಸದ ದಿನಗಳೊಳಗೆ ಎಲ್ಲ ಡಿಎನ್‌ಎಸ್ ದಾಖಲೆಗಳ ತಪಾಸಣೆ, ಪಾಸ್‌ವರ್ಡ್ ಬದಲಾವಣೆ, ಬಹು ಅಂಶಗಳ ದೃಢೀಕರಣ ಮುಗಿಯಬೇಕಿತ್ತು. ಹೊಸದಾಗಿ ಹೊರಡುವ ಭದ್ರತಾ ಪ್ರಮಾಣಪತ್ರಗಳ ಮೇಲೆ ಕಣ್ಣಿಡಲೂ ಅದು ಹೇಳಿತು. ಡೊಮೇನ್ ವಶವಾದರೆ ಅದರ ಹೆಸರಿನಲ್ಲಿ ಅಸಲಿ ಪ್ರಮಾಣಪತ್ರವನ್ನೇ ಪಡೆಯಬಹುದು, ಬ್ರೌಸರ್‌ನ ಬೀಗದ ಚಿಹ್ನೆಯೂ ಆಗ ಕಾಪಾಡುವುದಿಲ್ಲ.

ಒಳಗಿನಿಂದ ಮಾಹಿತಿ ಸೋರುವುದಕ್ಕೂ ಡಿಎನ್‌ಎಸ್ ದಾರಿ ಮಾಡಿಕೊಡುತ್ತದೆ. ಫೈರ್‌ವಾಲ್‌ಗಳು ಡಿಎನ್‌ಎಸ್ ಪ್ರಶ್ನೆಗಳನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ, ಆ ಕಂಪನಿಯ ತಂತ್ರಾಂಶದ ಜೊತೆಗೇ ಹರಡಿದ ಕುತಂತ್ರಾಂಶ, ತಾನು ಹೊಕ್ಕ ಸಂಸ್ಥೆಯ ಗುರುತನ್ನು ಡಿಎನ್‌ಎಸ್ ಪ್ರಶ್ನೆಯ ಹೆಸರಿನಲ್ಲೇ ಅಡಗಿಸಿ ಹೊರಗೆ ಸಾಗಿಸುತ್ತಿತ್ತು. ಹೀಗಾಗಿ ಎಲ್ಲ ಪ್ರಶ್ನೆಗಳೂ ಕಂಪನಿಯ ರಿಸಾಲ್ವರ್ ಮೂಲಕವೇ ಹೋಗುವಂತೆ ಮಾಡುವುದು, ಅವುಗಳ ಲಾಗ್ ಇಡುವುದು, ಕೆಟ್ಟ ಹೆಸರುಗಳಿಗೆ ಉತ್ತರ ನಿರಾಕರಿಸುವುದು ರಕ್ಷಣೆಯ ಮುಖ್ಯ ಅಂಗಗಳಾದವು. 2018ರಲ್ಲಿ ಮಾನದಂಡವಾದ, ಡಿಎನ್‌ಎಸ್ ಪ್ರಶ್ನೆಗಳನ್ನು ಎಚ್‌ಟಿಟಿಪಿಎಸ್‌ನೊಳಗೆ ಮುಚ್ಚಿ ಕಳಿಸುವ ವಿಧಾನ ವ್ಯಕ್ತಿಯ ಖಾಸಗಿತನಕ್ಕೆ ಒಳ್ಳೆಯದು. ಆದರೆ ಬ್ರೌಸರ್ ನೇರವಾಗಿ ಹೊರಗಿನ ರಿಸಾಲ್ವರ್ ಕೇಳಿದರೆ ಕಂಪನಿಯ ಕಾವಲಿಗೆ ಅದು ಕಾಣುವುದೇ ಇಲ್ಲ.

ಭಾರತದಲ್ಲಿ ಸರ್ಕಾರದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಡಿಎನ್‌ಎಸ್ ಸರ್ವರ್ ಮೇಲಿನ ದಾಳಿಯನ್ನೂ ಹೆಸರಿಸಿ, ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂದು ವಿಧಿಸಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ‘.ಬ್ಯಾಂಕ್.ಇನ್’ ಡೊಮೇನ್ ಮೀಸಲಿಟ್ಟು, ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಸೂಚಿಸಿತು. ನೋಂದಣಿಯ ಹೊಣೆ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಯದು. ಈ ಮೀಸಲು ಡೊಮೇನ್, ಬ್ಯಾಂಕಿನ ಹೆಸರನ್ನು ಹೋಲುವ ನಕಲಿ ತಾಣಗಳಿಗೆ ತಡೆ, ಖಾತೆಯ ಪಾಸ್‌ವರ್ಡ್ ಕಳವಿಗಲ್ಲ. ನಮ್ಮ ಸಣ್ಣ ಉದ್ದಿಮೆಗಳಲ್ಲಿ ಡೊಮೇನ್ ಎಷ್ಟೋ ಸಲ ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲೋ ಕೆಲಸ ಬಿಟ್ಟುಹೋದ ನೌಕರನ ಇಮೇಲ್‌ನಲ್ಲೋ ಇರುತ್ತದೆ. ಉದ್ದಿಮೆ ನಡೆಸುವವರು ದುಬಾರಿ ಉಪಕರಣ ಕೊಳ್ಳುವ ಮೊದಲು ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಅದನ್ನು ಸಂಸ್ಥೆಯ ಹೆಸರಿಗೆ ಮಾಡಿಸಿಕೊಂಡು, ಎರಡು ಹಂತದ ದೃಢೀಕರಣ ಹಾಕಿಸಬೇಕು.