ತಂತಿಯ ತುದಿಯಲ್ಲಿ ಉಳಿದ ಮಾತು

ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ತಾಳೆಗರಿಗೆ ಸ್ಥಾನವಿದೆ, ಕಂಟಕ್ಕೆ ಸ್ಥಾನವಿದೆ, ಅಚ್ಚಿನ ಮೊಳೆಗಂತೂ ಪ್ರತ್ಯೇಕ ಅಧ್ಯಾಯವೇ ಇದೆ. ತಂತಿಗೆ ಮಾತ್ರ ಒಂದು ಅಡಿಟಿಪ್ಪಣಿಯೂ ದೊರೆತಿಲ್ಲ. ಆದರೆ ದಕ್ಷಿಣ ಕನ್ನಡದ ವಾಙ್ಮಯದಲ್ಲಿ ದೊಡ್ಡದೊಂದು ಭಾಗ ಬರೆಹಕ್ಕೆ ಇಳಿಯಲೇ ಇಲ್ಲ. ಉಳಿದಷ್ಟೂ ತಂತಿಯ ಮೂಲಕ ಹರಿದು ಉಳಿಯಿತು. ತಾಳಮದ್ದಳೆಯ ಅರ್ಥಗಾರಿಕೆಯನ್ನು ಕುರಿತು ಈ ಮಾತನ್ನು ಹೇಳುತ್ತಿದ್ದೇನೆ.

ಪ್ರಸಂಗದ ಪದ್ಯಗಳನ್ನು ಕವಿ ಬರೆದಿರುತ್ತಾನೆ, ಅವು ಅಚ್ಚಾಗಿಯೂ ಇವೆ. ಆದರೆ ಭಾಗವತರು ಪದ್ಯ ಮುಗಿಸಿದ ಬಳಿಕ ಅರ್ಥಧಾರಿ ಆಡುವ ಮಾತು ಆ ರಾತ್ರಿಯದು. ಎದುರು ಕುಳಿತ ಇನ್ನೊಬ್ಬ ಅರ್ಥಧಾರಿಯ ಪ್ರಶ್ನೆಗೆ ಆ ಕ್ಷಣದಲ್ಲಿ ಹುಟ್ಟಿದ ಉತ್ತರ. ಶೇಣಿ ಗೋಪಾಲಕೃಷ್ಣ ಭಟ್ಟರಾಗಲಿ, ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯನವರಾಗಲಿ ಒಂದೇ ಪಾತ್ರವನ್ನು ಎರಡು ರಾತ್ರಿ ಒಂದೇ ಮಾತಿನಲ್ಲಿ ಆಡಿದವರಲ್ಲ. ದೇರಾಜೆಯವರು 1984ರಲ್ಲಿಯೂ ಶೇಣಿಯವರು 2006ರಲ್ಲಿಯೂ ತೀರಿಕೊಂಡರು. ಅವರ ವಾದಸರಣಿಯನ್ನು ಇಂದು ಅಭ್ಯಾಸ ಮಾಡಬೇಕೆಂಬ ವಿದ್ಯಾರ್ಥಿಗೆ ಮುಖ್ಯ ಆಕರವೆಂದರೆ ಧ್ವನಿಸುರುಳಿ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವೆಲ್ಲ ತಾಳಮದ್ದಳೆಯ ಕಾಲ. ಕುಮಾರಧಾರೆ ನೇತ್ರಾವತಿಯನ್ನು ಕೂಡುವ ನಮ್ಮ ಉಪ್ಪಿನಂಗಡಿಯಲ್ಲಿ, ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ, ಹಂಚಿನ ಮಾಡಿನ ಕೆಳಗೆ ಕೌರವನೂ ಕೃಷ್ಣನೂ ಬೆಳಗಿನವರೆಗೆ ತರ್ಕಿಸಿದ ರಾತ್ರಿಗಳನ್ನು ನಾನು ಬಲ್ಲೆ. ಮೈಕ್ ಬಂದ ಮೇಲೆ ಹಿಂದಿನ ಸಾಲಿನವನಿಗೂ ಮಾತು ಕೇಳಿಸಿತು. ಕ್ಯಾಸೆಟ್ ಬಂದ ಮೇಲೆ (ಫಿಲಿಪ್ಸ್ ಕಂಪೆನಿ ಅದನ್ನು ಹೊರತಂದದ್ದು 1963ರಲ್ಲಿ, ನಮ್ಮ ಕಡೆಗೆ ಬರುವಾಗ ಇನ್ನಷ್ಟು ವರ್ಷಗಳಾದವು) ಅದೇ ಮಾತು ಮನೆಮನೆಯ ಕಪಾಟನ್ನೂ ಸೇರಿತು. ಆದರೆ ಮಾತಿನೊಡನೆ ಇನ್ನೊಂದು ಸದ್ದೂ ಸೇರಿಕೊಂಡಿತು: ಜೇನುಗೂಡಿನೊಳಗೆ ತಲೆಯಿಟ್ಟಂತೆ ಎಡೆಬಿಡದ ಒಂದು ಗುಂಯ್‌ಗಾರ.

ಅದರ ಕಾರಣ ಸರಳ. ಮೈಕಿನಿಂದ ಹೊರಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರ ಭಾಗಗಳಲ್ಲಿ ಕೆಲವು ಭಾಗ ಮಾತ್ರ. ಪಕ್ಕದಲ್ಲಿಯೇ ಟ್ಯೂಬ್‌ಲೈಟಿಗೆ ಹೋಗುವ ತಂತಿಯಲ್ಲಿ 230 ವೋಲ್ಟು, ಸೆಕೆಂಡಿಗೆ 50 ಆವರ್ತನ. ದೊಡ್ಡದರ ನೆರಳು ಸಣ್ಣದರ ಮೇಲೆ ಬೀಳುತ್ತದೆ.

ಈ ಕಾಟ ಹೊಸತಲ್ಲ. ಮೊದಮೊದಲ ಟೆಲಿಫೋನುಗಳಿಗೆ ಒಂದೇ ತಂತಿ. ಹಿಂತಿರುಗುವ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದರು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಸೋರುತ್ತಿತ್ತು. 1880ರ ದಶಕದ ಕೊನೆಗೆ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದಾಗಲಂತೂ ಗದ್ದಲ ಅಸಹನೀಯವಾಯಿತು. ಪರಿಹಾರವನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದಕ್ಕೂ ಮುಂಚೆಯೇ, 1881ರ ಪೇಟೆಂಟಿನಲ್ಲಿ ಸೂಚಿಸಿದ್ದ: ಎರಡು ತಂತಿಗಳನ್ನು ಹೊಸೆದು ಒಂದು ಜೋಡಿ ಮಾಡುವುದು. ನಮ್ಮ ಅಜ್ಜಿಯರು ಬತ್ತಿ ಹೊಸೆದಂತೆ. ಹೊಸೆದಾಗ ಎರಡು ತಂತಿಗಳೂ ಹೊರಗಿನ ಗದ್ದಲಕ್ಕೆ ಸಮವಾಗಿ ಮೈಯೊಡ್ಡುತ್ತವೆ. ಆಚೆ ತುದಿಯಲ್ಲಿ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಎತ್ತಿಕೊಂಡರೆ, ಎರಡಕ್ಕೂ ಸಮಾನವಾಗಿ ಅಂಟಿದ ಗದ್ದಲ ಕಳೆದುಹೋಗಿ ಮಾತು ಮಾತ್ರ ಉಳಿಯುತ್ತದೆ. ರೇಡಿಯೋ ನಿಲಯಗಳು ಈ ಉಪಾಯವನ್ನು ಟೆಲಿಫೋನಿನವರಿಂದ ಪಡೆದವು, ಮೈಕಿನ ಕೇಬಲ್ಲು ಅವುಗಳಿಂದ ಪಡೆಯಿತು. ಬ್ಯಾಲೆನ್ಸ್ಡ್ ಕೇಬಲ್ ಎಂದು ಕರೆಯುವುದು ಇದನ್ನೇ. ಒಳಗೆ ಹೊಸೆದ ಎರಡು ತಂತಿ, ಅವುಗಳ ಸುತ್ತ ತಾಮ್ರದ ಎಳೆಗಳ ಜಾಲರಿ, ಎರಡು ಕೊನೆಗೂ ಮೂರು ಕಡ್ಡಿಗಳ ಕನೆಕ್ಟರ್. ಅದರ ಶಾಸ್ತ್ರೀಯ ನಾಮ ಎಕ್ಸ್‌ಎಲ್‌ಆರ್. 1915ರಲ್ಲಿ ಲಾಸ್ ಏಂಜಲಿಸಿನಲ್ಲಿ ಜೇಮ್ಸ್ ಕ್ಯಾನನ್ ಎಂಬಾತ ಸ್ಥಾಪಿಸಿದ ಕಂಪೆನಿಯ ಸೃಷ್ಟಿಯಾದ್ದರಿಂದ ನಮ್ಮ ಮೈಕಿನವರ ಬಾಯಲ್ಲಿ ಅದು ಇಂದಿಗೂ ‘ಕ್ಯಾನನ್ ಪಿನ್ನು’. ಕೆಲವು ಇತಿಹಾಸಗಳು ಹೀಗೆ ಅಂಗಡಿಯ ಮಾತಿನಲ್ಲಿಯೇ ಜೀವ ಹಿಡಿದಿರುತ್ತವೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಈ ತಂತ್ರದ ಪ್ರಾಣವಿರುವುದು ಸಮತೆಯಲ್ಲಿ. ಎರಡು ತಂತಿಗಳೂ ಒಡ್ಡುವ ತಡೆ ಒಂದೇ ಆಗಿರಬೇಕು. ಒಂದು ತುದಿಯ ಒಂದು ಬೆಸುಗೆ ಕೆಟ್ಟು ತಡೆ ಏರಿತೆನ್ನಿ, ತಕ್ಕಡಿ ವಾಲುತ್ತದೆ, ಗುಂಯ್‌ಗಾರ ಮರಳಿ ಬರುತ್ತದೆ. ಆದ್ದರಿಂದ ಎಂತಹ ಮೈಕ್ ತಂದರೂ ಕೊನೆಗೆ ಎಲ್ಲವೂ ನಿಲ್ಲುವುದು ಗೋಧಿಕಾಳಿನಷ್ಟು ದೊಡ್ಡ ಆರು ಬೆಸುಗೆಗಳ ಮೇಲೆ.

1980ರ ದಶಕದ ಕೊನೆಯಲ್ಲಿ, ನಾನು ಹೊಸದಾಗಿ ಉಪನ್ಯಾಸಕನಾಗಿದ್ದಾಗ, ಊರಿನ ಮೈಕ್‌ಸೆಟ್ಟಿನ ಹಿರಿಯರೊಬ್ಬರು ಈ ಕೆಲಸ ಮಾಡುವುದನ್ನು ಅನೇಕ ಸಂಜೆ ನೋಡಿದ್ದೇನೆ. ಪೇಟೆಯಲ್ಲಿ ಸಿದ್ಧ ಕೇಬಲ್ ಸಿಗುತ್ತಿತ್ತು. ಅವರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. “ಮಾಷ್ಟ್ರೆ, ಮೊದಲು ಟೊಪ್ಪಿ ತೂರಿಸ್ಬೇಕು,” ಎಂದು ಕನೆಕ್ಟರಿನ ಹೊರಚಿಪ್ಪನ್ನು ತಂತಿಗೆ ಪೋಣಿಸುತ್ತಿದ್ದರು. ಬೆಸೆದಾದ ಮೇಲೆ ಅದು ನೆನಪಾದರೆ ಎಲ್ಲವನ್ನೂ ಬಿಚ್ಚಬೇಕಷ್ಟೆ. ಅನಂತರ ರಬ್ಬರನ್ನು ಬೆರಳಿನ ಒಂದು ಗೆಣ್ಣಿನಷ್ಟು ಸುಲಿದು, ಜಾಲರಿಯನ್ನು ಹೊಸೆದು, ತಂತಿಗಳ ಬರಿದುದಿಗೆ ತೆಳುವಾಗಿ ಲೆಡ್ಡು ಸವರುವರು. ಇದು ನಮ್ಮ ತಾಮ್ರದ ಪಾತ್ರೆಗಳ ಕಲಾಯಿಯೇ ಸರಿ. ಕಲಾಯಿಯವನ ತವರ ಕರಗುವುದಕ್ಕೆ 232 ಡಿಗ್ರಿ ಬೇಕು. ತವರ 63 ಪಾಲು, ಸೀಸ 37 ಪಾಲು ಬೆರೆತ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಕಲಾಯಿಯವನು ನವಸಾಗರ ಬಳಸುತ್ತಾನೆ, ಇಲ್ಲಿ ಬಳಸುವುದು ರಾಳವನ್ನು. ನವಸಾಗರ ಉಳಿದರೆ ತಾಮ್ರವನ್ನು ತಿನ್ನುತ್ತದೆ. ನಮ್ಮ ಮಳೆಸೀಮೆಯಲ್ಲಿ ಕಿಲುಬು ಹಿಡಿಯುವುದಕ್ಕೆ ಅಷ್ಟು ನೆಪವೇ ಸಾಕು.

“ಲೆಡ್ಡನ್ನು ಕಾಯಿಸುವುದಲ್ಲ ಮಾಷ್ಟ್ರೆ, ಪಿನ್ನನ್ನು ಕಾಯಿಸುವುದು. ಪಿನ್ನು ಕಾದರೆ ಲೆಡ್ಡು ತಾನಾಗಿ ಹರೀತದೆ,” ಎನ್ನುತ್ತಿದ್ದರು. ಒಂದನೆಯ ಕಡ್ಡಿಗೆ ಜಾಲರಿ, ಎರಡನೆಯದಕ್ಕೆ ಒಂದು ತಂತಿ, ಮೂರನೆಯದಕ್ಕೆ ಇನ್ನೊಂದು. ಆರುವವರೆಗೆ ಅಲುಗಿಸುವಂತಿಲ್ಲ. ಆರಿದ ಬೆಸುಗೆ ಹೊಳೆದರೆ ಸರಿ. ಮಂಕಾಗಿ, ಹರಳುಹರಳಾಗಿ ಕಂಡರೆ ಅದು ‘ತಣ್ಣನೆ ಬೆಸುಗೆ’, ಅಂಟಿದಂತೆ ತೋರಿದರೂ ಅಂಟಿರುವುದಿಲ್ಲ. ಕೊನೆಗೆ ಮೀಟರು ಹಿಡಿದು ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು ಎಂದು ನೋಡಿ, ತಂತಿಯನ್ನು ಅಲುಗಾಡಿಸಿ ಮತ್ತೊಮ್ಮೆ ನೋಡುವರು. ಎರಡು ಮೂರು ಅದಲುಬದಲಾದ ಕೇಬಲ್ಲು ಒಂಟಿಯಾಗಿದ್ದರೆ ಗೊತ್ತೇ ಆಗದು. ಒಬ್ಬನೇ ಅರ್ಥಧಾರಿಯ ಮುಂದೆ ಎರಡು ಮೈಕಿಟ್ಟಾಗ ಒಂದರ ಮಾತನ್ನು ಇನ್ನೊಂದು ನುಂಗಿ ಕಂಠ ಟೊಳ್ಳಾಗುತ್ತದೆ.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಗಿ ತಾಳಮದ್ದಳೆ ನಿಲಯದೊಳಕ್ಕೆ ಹೋಯಿತು. ಅಲ್ಲಿ ತಂತಿಯ ಚಿಂತೆಯನ್ನು ಎಂಜಿನಿಯರುಗಳು ವಹಿಸಿಕೊಂಡರು. ಆದರೆ ನಿಲಯಕ್ಕೆ ಒಂದು ಗಂಟೆಯ ಮಾತು ಸಾಕು. ಆರು ಗಂಟೆಯ ಪೂರ್ಣ ಸಂವಾದ ನಡೆಯುತ್ತಿದ್ದುದು ಊರಿನ ಸಭಾಭವನಗಳಲ್ಲಿ. ಅಲ್ಲಿ ಅದನ್ನು ಹಿಡಿದಿಟ್ಟವರು ಇಂತಹ ಮೈಕಿನವರು. ಅವರನ್ನು ಲಿಪಿಕಾರರೆಂದು ಕರೆಯಲು ನನಗೆ ಸಂಕೋಚವಿಲ್ಲ. ಒಳ್ಳೆಯ ಲಿಪಿಕಾರರೂ ಇದ್ದರು, ಓಲೆಯನ್ನು ಕೆಡಿಸಿದವರೂ ಇದ್ದರು.

ಈಗ ಪುತ್ತೂರು, ಸುಳ್ಯ, ಕಡಬದ ಮನೆಗಳ ಕ್ಯಾಸೆಟ್ಟುಗಳನ್ನು ತರುಣರು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಗುಂಯ್‌ಗಾರ ಕೇಳಿದ ಕೂಡಲೇ ಯಂತ್ರದಿಂದ ಅದನ್ನು ಸೋಸಿಬಿಡುವ ಆತುರ ಅವರಿಗೆ. ಆದರೆ ಆ ಸದ್ದು 50ರಲ್ಲಿ ಮಾತ್ರ ಇರುವುದಿಲ್ಲ, 100ರಲ್ಲಿಯೂ 150ರಲ್ಲಿಯೂ ಇರುತ್ತದೆ. ಗಂಡುಕಂಠದ ತಳಪಾಯವೂ ಅಲ್ಲಿಯೇ. ಸೋಸಿದರೆ ಭೀಷ್ಮನ ಮಾತು ಉತ್ತರಕುಮಾರನ ಮಾತಾಗುತ್ತದೆ. ಸೋಸುವ ಮೊದಲು ಸುರುಳಿಯನ್ನು ನಿಲ್ಲಿಸಿ ಕೇಳಬೇಕು. ಸುರುಳಿ ನಿಂತರೂ ಸದ್ದು ನಿಲ್ಲದಿದ್ದರೆ ಅದು ಅಂದಿನದಲ್ಲ. ಕ್ಯಾಸೆಟ್ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಇಂದು ಹಾಕಿದ ತಂತಿಯದು. ನಡುವೆ ಸಣ್ಣದೊಂದು ಟ್ರಾನ್ಸ್‌ಫಾರ್ಮರ್ ಇಟ್ಟು, ತಂತಿಯನ್ನು ಸರಿಯಾಗಿ ಬೆಸೆದು, ಸುರುಳಿಯನ್ನು ಮೊದಲಿನಿಂದ ಮತ್ತೆ ಓಡಿಸಬಹುದು.