ಮಂಡಿಗೆ ಇಂಜೆಕ್ಷನ್: ಹುಂಜದ ಜುಟ್ಟಿನಿಂದ ಉಪ್ಪುನೀರಿನವರೆಗೆ

ಮಂಡಿನೋವಿಲ್ಲದ ಮನೆ ಈಗ ಅಪರೂಪ. ಗುಳಿಗೆ, ಎಣ್ಣೆ, ಬಿಸಿನೀರಿನ ಶಾಖ ಎಲ್ಲ ಮುಗಿದು, ಆಪರೇಷನ್ನಿಗೆ ಇನ್ನೂ ಮನಸ್ಸಾಗದ ದಿನಗಳಲ್ಲಿ ಇಂಜೆಕ್ಷನ್ನಿನ ಮಾತು ಬರುತ್ತದೆ. ಸ್ಟೀರಾಯ್ಡು, ಜೆಲ್ಲು, ಪಿಆರ್‌ಪಿ ಅಂತ ಮೂರು ಹೆಸರು ನೀವೂ ಕೇಳಿರುತ್ತೀರಿ. ಇವು ಮಂಡಿಯೊಳಗೆ ಬಂದ ದಾರಿ ಸ್ವಾರಸ್ಯವಾಗಿದೆ.

ಮೊದಲು ಬಂದದ್ದು ಸ್ಟೀರಾಯ್ಡು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್, ರುಮಟಾಯ್ಡ್ ಸಂಧಿವಾತದಿಂದ ಓಡಾಡಲಾರದೆ ಇದ್ದ 29ರ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಪೇಟೆಗೆ ಹೋಗಿಬಂದಳು! 1950ರಲ್ಲಿ ನೊಬೆಲ್ ಕೂಡ ಬಂತು. ಆದರೆ ಆ ಔಷಧ ಇಡೀ ಮೈಗೆ ಹರಡುತ್ತಿತ್ತು, ಅಡ್ಡಪರಿಣಾಮ ಜಾಸ್ತಿ. ನೋವಿರುವ ಕೀಲಿಗೇ ಚುಚ್ಚಿದರೆ ಹೇಗೆ? 1951ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ಹೈಡ್ರೋಕಾರ್ಟಿಸೋನನ್ನು ಹಾಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಕೀಲಿನ ಇಂಜೆಕ್ಷನ್ ಶುರುವಾದದ್ದು ಹೀಗೆ.

ಜೆಲ್ಲಿನ ಕಥೆ ಇನ್ನೂ ಮಜವಾಗಿದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ಲೋಳೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿ ಹಯಲುರಾನಿಕ್ ಆಸಿಡ್ ಅಂತ ಹೆಸರಿಟ್ಟರು. ನಮ್ಮ ಕೀಲುಗಳಲ್ಲಿ ಜಾರು ಎಣ್ಣೆಯಂತೆ ಇರುವುದೂ ಇದೇ. ಹಂಗೇರಿಯಲ್ಲಿ ಹುಟ್ಟಿದ ಎಂಡ್ರೆ ಬಲಾಜ್ ಅದನ್ನು ಹುಂಜದ ಜುಟ್ಟಿನಿಂದ ಶುದ್ಧವಾಗಿ ತೆಗೆದರು. 1970ರಲ್ಲಿ ಅವರ ತಂಡ ಕಾಲುನೋವಿನ ರೇಸ್ ಕುದುರೆಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಕುದುರೆಯಾದ ಮೇಲೆ ಮನುಷ್ಯ! 1987ರಲ್ಲಿ ಜಪಾನು, 1997ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದು ಸಿಕ್ಕಿದ್ದು ಔಷಧವೆಂದಲ್ಲ, ವೈದ್ಯಕೀಯ 'ಸಾಧನ'ವೆಂದು.

ಮೂರನೆಯದು ಪಿಆರ್‌ಪಿ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಚುಚ್ಚುವುದು.

ಇಷ್ಟರ ನಡುವೆ ಸದ್ದಿಲ್ಲದ ನಾಲ್ಕನೆಯ ಇಂಜೆಕ್ಷನ್ನೊಂದಿದೆ: ಬರೀ ಉಪ್ಪುನೀರು, ಅಂದರೆ ಸಲೈನ್. ಪರೀಕ್ಷೆಗಳಲ್ಲಿ ಅರ್ಧ ಜನರಿಗೆ ಗೊತ್ತಾಗದಂತೆ ಇದನ್ನು ಕೊಡುತ್ತಾರೆ. ಅವರಲ್ಲೂ ಬಹಳ ಜನರಿಗೆ ನೋವು ಕಡಿಮೆಯಾಗುತ್ತದೆ! ನೋವು ತೀರಾ ಹೆಚ್ಚಾದಾಗಲೇ ನಾವು ಡಾಕ್ಟರ ಹತ್ತಿರ ಓಡುವುದು, ಆಮೇಲೆ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಜೊತೆಗೆ ಸೂಜಿಯ ಮೇಲಿನ ನಂಬಿಕೆ.

ಈ ಉಪ್ಪುನೀರಿನ ಎದುರು ಮಿಕ್ಕವು ಏನಾದವು? 2017ರ ಅಮೆರಿಕದ ಅಧ್ಯಯನವೊಂದರಲ್ಲಿ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡು ಅಥವಾ ಸಲೈನ್ ಕೊಟ್ಟರು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಸ್ಟೀರಾಯ್ಡಿನವರ ಕಾರ್ಟಿಲೇಜು ಮಾತ್ರ ಹೆಚ್ಚು ಸವೆದಿತ್ತು. 2021ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 288 ಜನ. ವರ್ಷದ ಕೊನೆಗೆ ಪಿಆರ್‌ಪಿ ಸಲೈನನ್ನು ಮೀರಲಿಲ್ಲ. 2022ರಲ್ಲಿ ಜೆಲ್ಲಿನ ಮೇಲಿನ 169 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದರು. ದೊಡ್ಡ ಪರೀಕ್ಷೆಗಳ ಪ್ರಕಾರ, ನೂರು ಅಂಕದ ನೋವಿನ ಅಳತೆಯಲ್ಲಿ ಅದಕ್ಕೂ ಹುಸಿ ಇಂಜೆಕ್ಷನ್ನಿಗೂ ಇದ್ದ ಅಂತರ ಸುಮಾರು ಎರಡೇ ಅಂಕ.

ಹಾಗಂತ ಎಲ್ಲವೂ ಮೋಸ ಅನ್ನಲಾರೆ. ನೋವು ತಡೆಯಲಾಗದಾಗ ಸ್ಟೀರಾಯ್ಡು ಕೆಲವು ವಾರ ಉಸಿರಾಡಲು ಬಿಡುತ್ತದೆ, ಅದೇ ಅದರ ಬೆಲೆ. ಆದರೆ ಇವುಗಳಲ್ಲಿ ಯಾವುದೂ ಸವೆದದ್ದನ್ನು ಮತ್ತೆ ಬೆಳೆಸುತ್ತದೆಂದು ಸಾಬೀತಾಗಿಲ್ಲ.

ಇದನ್ನೆಲ್ಲ ಓದಲು ಕಾರಣ ನಮ್ಮಮ್ಮ. ಅವರಿಗೂ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದಿದ್ದಾರೆ. ಉಳಿಸಿದ ಪೆನ್ಷನ್ ದುಡ್ಡು ಅವರದು, ಮಂಡಿಯೂ ಅವರದೇ. ನಾನು ಡಾಕ್ಟರಲ್ಲ, ಬೇಡ ಅನ್ನುವ ಹಕ್ಕು ನನಗಿಲ್ಲ. "ಉಪ್ಪುನೀರಿಗಿಂತ ಇದು ಎಷ್ಟು ಹೆಚ್ಚು?" ಅಂತ ಅವರ ಪರವಾಗಿ ಡಾಕ್ಟರನ್ನು ಕೇಳುವುದಂತೂ ಖಂಡಿತ.

ಅಂದಹಾಗೆ, 2020ರಲ್ಲಿ 156 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಎದುರಾಗಿ ನಿಂತದ್ದು ಫಿಸಿಯೋಥೆರಪಿ. ವರ್ಷ ಕಳೆದ ಮೇಲೆ ಗೆದ್ದದ್ದು ಫಿಸಿಯೋಥೆರಪಿಯೇ. ಜುಟ್ಟು, ಕುದುರೆ, ನೊಬೆಲ್ ಯಾವುದೂ ಇಲ್ಲದ ಬಡಪಾಯಿ ವ್ಯಾಯಾಮ..

ನಿಮ್ಮ ಮನೆಯಲ್ಲಿ ಯಾರಾದರೂ ಹಾಕಿಸಿಕೊಂಡಿದ್ದಾರಾ? ಎಷ್ಟು ದಿನ ಆರಾಮಿತ್ತು? ಪುರುಸೊತ್ತಾದಾಗ ಬರೆಯಿರಿ.